ಸಿಪಿಯು ವೇಗದ ಬಗ್‌ಗಳು: ದಾವಣಗೆರೆ, ದುರ್ಗದವರು ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಬೆಳಗ್ಗೆ ದಾವಣಗೆರೆ ವಿದ್ಯಾನಗರದ ನಮ್ಮ ಮನೆ ಮಹಡಿ ಮೇಲೆ ಏಳೆಂಟು ಜನ ಕೂತು ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಕೋಡ್ ಓದುತ್ತೇವೆ. ಎಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರೇ ಜಾಸ್ತಿ. ಕಂಪ್ಯೂಟರ್ ರಿಪೇರಿ ಅಂಗಡಿಯವರು ಇಬ್ಬರು. ದುರ್ಗದಿಂದ ಬೆಳಗಿನ ಬಸ್ ಹತ್ತಿ ಬರುವವರು ಒಬ್ಬರು. ಅಲ್ಲಿ ಬಾಯಿಬಿಟ್ಟು ಕೇಳಿದ್ದು, ಫೋನಿಗೆ ಬಂದಿದ್ದು, ಚಳ್ಳಕೆರೆಯಿಂದ ಒಬ್ಬರು ಕಾಗದದಲ್ಲೇ ಬರೆದು ಕಳಿಸಿದ್ದು, ಎಲ್ಲ ಸೇರಿಸಿದ್ದೇನೆ. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಬಿಟ್ಟಿದ್ದೇನೆ. ಫೈಲು, ಕಮಾಂಡುಗಳ ಹೆಸರನ್ನು ಬಾಯಲ್ಲಿ ಹೇಳುವ ಹಾಗೇ ಬರೆದಿದ್ದೇನೆ.

## ಮೊದಮೊದಲು ಕೇಳುವವು

ಪ್ರೊಸೆಸರ್ ಯಾಕ್ ಸರ್ ಸ್ಪೀಡ್ ಇಳಿಸ್ಕೊಳ್ತದೆ? ದುಡ್ಡು ಕೊಟ್ಟು 3.2 ಗಿಗಾಹರ್ಟ್ಸ್ ತಗೊಂಡಿದೀವಿ, ಯಾವಾಗ್ಲೂ ಅಷ್ಟರಲ್ಲೇ ಓಡಬೇಕಲ್ವಾ?

ಹಾಗೆ ಓಡಿದರೆ ಬ್ಯಾಟರಿ ಮಧ್ಯಾಹ್ನದ ಊಟದ ಹೊತ್ತಿಗೇ ಖಾಲಿಯಾಗುತ್ತದೆ. ಚಿಪ್ ಒಳಗೆ ಸ್ವಿಚ್‌ಗಳು ಆನ್, ಆಫ್ ಆಗುವಾಗ ಖರ್ಚಾಗುವ ಪವರ್ ಎರಡು ವಿಷಯದ ಮೇಲೆ ನಿಂತಿದೆ. ಫ್ರೀಕ್ವೆನ್ಸಿ ಒಂದು. ವೋಲ್ಟೇಜ್ ಇನ್ನೊಂದು, ಅದೂ ವೋಲ್ಟೇಜಿನ ವರ್ಗ. ವೇಗ ಕಮ್ಮಿ ಇದ್ದಾಗ ಚಿಪ್ಪಿಗೆ ಕಮ್ಮಿ ವೋಲ್ಟೇಜ್ ಸಾಕು. ಹಾಗಾಗಿ ವೇಗವನ್ನು ಅರ್ಧ ಮಾಡಿ, ವೋಲ್ಟೇಜನ್ನು 1.2ರಿಂದ 0.9ಕ್ಕೆ ಇಳಿಸಿದರೆ ಈ ಖರ್ಚು ಅರ್ಧಕ್ಕಲ್ಲ, ಹೆಚ್ಚುಕಮ್ಮಿ 28 ಪರ್ಸೆಂಟಿಗೆ ಇಳಿಯುತ್ತದೆ. ನಮ್ಮೂರ ಮಂಡಕ್ಕಿ ಭಟ್ಟಿಯಲ್ಲಿ ಒಲೆ ನೋಡಿಕೊಳ್ಳುವವನು ಎದುರಿಗಿರುವ ಅಕ್ಕಿ ನೋಡಿಯೇ ಉರಿ ಹೆಚ್ಚಿಸುವುದು. ಇಲ್ಲೂ ಅಷ್ಟೇ. ಕೆಲಸ ಬಂದಾಗ ಏರಬೇಕು, ಇಲ್ಲದಾಗ ಇಳಿಯಬೇಕು. ಏರಬೇಕಾದಾಗ ಏರದಿದ್ದರೆ, ಇಳಿಯಬೇಕಾದಾಗ ಇಳಿಯದಿದ್ದರೆ ಅದು ಬಗ್.

ಇದ್ರಲ್ಲಿ ಕರ್ನಲ್ ಪಾಲು ಎಷ್ಟು? ಡ್ರೈವರ್ ಅಂತೀರಾ, ಗವರ್ನರ್ ಅಂತೀರಾ, ಯಾರು ಏನ್ ಮಾಡ್ತಾರೆ?

ಎಷ್ಟು ವೇಗ ಬೇಕು ಅಂತ ಗವರ್ನರ್ ಹೇಳುತ್ತದೆ, ಅದನ್ನು ಚಿಪ್ಪಿಗೆ ಮುಟ್ಟಿಸುವ ಕೆಲಸ ಡ್ರೈವರ್ ಮಾಡುತ್ತದೆ, ನಡುವೆ ಸಿಪಿಯುಫ್ರೀಕ್ (ಕರ್ನಲ್‌ನಲ್ಲಿ ಸಿಪಿಯು ವೇಗ ನೋಡಿಕೊಳ್ಳುವ ಭಾಗ) ಕೋರ್ ಲೆಕ್ಕ ಇಟ್ಟುಕೊಳ್ಳುತ್ತದೆ. ಕರ್ನಲ್ ಸೋರ್ಸಿನ ‘ಡ್ರೈವರ್ಸ್’ ಫೋಲ್ಡರಿನಲ್ಲಿ ‘ಸಿಪಿಯುಫ್ರೀಕ್’ ಅಂತಲೇ ಇದೆ. ಕೋರ್ ಮತ್ತು ಹಳೆಯ ಗವರ್ನರ್‌ಗಳು ಅಲ್ಲಿವೆ. ಸ್ಕೆಡ್‌ಯುಟಿಲ್ ಅನ್ನುವ ಹೊಸ ಗವರ್ನರ್ ಮಾತ್ರ ಶೆಡ್ಯೂಲರ್ (ಯಾವ ಕೆಲಸ ಯಾವಾಗ ಓಡಬೇಕು ಅಂತ ನಿರ್ಧರಿಸುವ ಭಾಗ) ಜೊತೆಗೆ ‘ಕರ್ನಲ್’ ಫೋಲ್ಡರಿನ ‘ಸ್ಕೆಡ್’ ಒಳಗಿದೆ. ಹೊಸಬರು ಇದನ್ನು ಹುಡುಕಿ ಹುಡುಕಿ ಸುಸ್ತಾಗುತ್ತಾರೆ.

ಗವರ್ನರ್‌ಗಳಲ್ಲಿ ಆನ್‌ಡಿಮ್ಯಾಂಡ್ 2004ರಲ್ಲಿ ಬಂತು. ಇಷ್ಟಿಷ್ಟು ಹೊತ್ತಿಗೊಮ್ಮೆ ಎದ್ದು ಸಿಪಿಯು ಎಷ್ಟು ಬ್ಯುಸಿ ಇತ್ತು ಅಂತ ನೋಡುವುದು ಅದರ ರೀತಿ. 2016ರಲ್ಲಿ, 4.7 ಕರ್ನಲ್ ಜೊತೆ ಬಂದ ಸ್ಕೆಡ್‌ಯುಟಿಲ್ ಹಾಗೆ ಎದ್ದೆದ್ದು ನೋಡುವುದಿಲ್ಲ. ಶೆಡ್ಯೂಲರ್ ಬಳಿ ಹೇಗೂ ಲೆಕ್ಕ ಇದೆಯಲ್ಲ, ಅದನ್ನೇ ಕೇಳಿಕೊಳ್ಳುತ್ತದೆ. ಡ್ರೈವರ್‌ಗಳು ಚಿಪ್ಪಿಗೊಂದು ತರಹ: ಹಳೆಯ ಪಿಸಿಗಳಿಗೆ ಎಸಿಪಿಐ-ಸಿಪಿಯುಫ್ರೀಕ್, ಇಂಟೆಲ್‌ಗೆ 2013ರಿಂದ ಇಂಟೆಲ್ ಪಿಸ್ಟೇಟ್, ಎಎಮ್‌ಡಿಗೆ 2022ರಿಂದ ಎಎಮ್‌ಡಿ ಪಿಸ್ಟೇಟ್, ಸಣ್ಣ ಆರ್ಮ್ ಬೋರ್ಡ್‌ಗಳಿಗೆ ಬೇರೆ ಬೇರೆ.

ಒಂದು ಮಾತು ಮರೆಯಬೇಡಿ. ಈಗಿನ ಚಿಪ್‌ಗಳಲ್ಲಿ ಕರ್ನಲ್ ಕೇಳಿಕೊಳ್ಳುತ್ತದೆ ಅಷ್ಟೇ. ಕೊಡುವುದು, ಬಿಡುವುದು ಹಾರ್ಡ್‌ವೇರ್ ಕೈಲಿದೆ.

ಒಂದ್ ಕಡೆ 800 ಅಂತದೆ, ಇನ್ನೊಂದ್ ಕಡೆ 2900 ಅಂತದೆ. ಯಾವ್ದನ್ನ ನಂಬೋದು?

ಎರಡೂ ತಮ್ಮ ತಮ್ಮ ಲೆಕ್ಕದಲ್ಲಿ ಸರಿ ಇರಬಹುದು. ಸ್ಕೇಲಿಂಗ್_ಕರ್_ಫ್ರೀಕ್ ಅನ್ನುವ ಫೈಲು ಸಾಮಾನ್ಯವಾಗಿ ಕರ್ನಲ್ ಕೊನೆಗೆ ಕೇಳಿದ ವೇಗವನ್ನು ತೋರಿಸುತ್ತದೆ. ಸಿಪಿಯುಇನ್ಫೋ_ಕರ್_ಫ್ರೀಕ್ ಹಾರ್ಡ್‌ವೇರನ್ನೇ ಕೇಳಿ ಹೇಳುತ್ತದೆ. ಅದು ಎಲ್ಲ ಡ್ರೈವರ್‌ಗಳಲ್ಲೂ ಇರುವುದಿಲ್ಲ, ಓದಲು ರೂಟ್ ಆಗಿರಬೇಕು. ಹೊಸ ಇಂಟೆಲ್, ಎಎಮ್‌ಡಿ ಚಿಪ್‌ಗಳಲ್ಲಿ ಮೊದಲನೆಯ ಫೈಲೇ ಎಪರ್ಫ್, ಎಮ್‌ಪರ್ಫ್ ಅನ್ನುವ ಎರಡು ಕೌಂಟರ್‌ಗಳಿಂದ ಅಳೆದ ಸರಾಸರಿ ಕೊಡುತ್ತದೆ. ಅದೂ ಸರಾಸರಿಯೇ, ಆ ಕ್ಷಣದ ವೇಗವಲ್ಲ.

ಎಕ್ಸ್86 ಮೆಷಿನ್‌ನಲ್ಲಿ ನಾನು ನಂಬುವುದು ಟರ್ಬೋಸ್ಟ್ಯಾಟ್ ಅನ್ನುವ ಕಮಾಂಡನ್ನ. ಅದರಲ್ಲಿ ಬಿಝಿ ಮೆಗಾಹರ್ಟ್ಸ್ ಅನ್ನುವ ಕಾಲಮ್ ನೋಡಿ. ಪಕ್ಕದ ಆ್ಯವರೇಜ್ ಮೆಗಾಹರ್ಟ್ಸ್ ಕಾಲಮ್ಮಿನಲ್ಲಿ ಸುಮ್ನೆ ಕೂತ ಹೊತ್ತೂ ಸೇರಿರುತ್ತದೆ. ಅದು ಕಮ್ಮಿ ಇದೆ ಅಂತ ಗಾಬರಿಯಾಗಿ ಫೋನ್ ಮಾಡಿದವರು ಎಷ್ಟು ಜನವೋ. ಇನ್ನೊಂದು, ಸಿಪಿಯುಫ್ರೀಕ್ ಫೈಲುಗಳಲ್ಲಿ ಅಂಕಿಗಳು ಕಿಲೋಹರ್ಟ್ಸ್‌ನಲ್ಲಿ ಇರುತ್ತವೆ. 2900000 ಅಂದರೆ 2.9 ಗಿಗಾಹರ್ಟ್ಸ್.

ಗವರ್ನರ್ ಪವರ್‌ಸೇವ್ ಅಂತ ತೋರಿಸ್ತಿದೆ. ಅದಕ್ಕೇ ನಿಧಾನ ಇರ್ಬೇಕು, ಪರ್ಫಾರ್ಮೆನ್ಸ್ ಮಾಡ್ಲಾ?

ಮೊದಲು ಡ್ರೈವರ್ ಯಾವುದು ನೋಡಿ. ಅಲ್ಲಿ ಇಂಟೆಲ್_ಪಿಸ್ಟೇಟ್ ಅಂತಿದ್ದರೆ ಆ ಪವರ್‌ಸೇವ್ ಬೇರೆ, ಹಳೆಯ ಪವರ್‌ಸೇವ್ ಬೇರೆ. ಹಳೆಯದು ಕನಿಷ್ಠ ವೇಗಕ್ಕೆ ಕಟ್ಟಿಹಾಕುತ್ತಿತ್ತು. ಇದು ಕೆಲಸ ನೋಡಿ ಏರುತ್ತದೆ, ಇಳಿಯುತ್ತದೆ. ಹೆಸರು ಒಂದೇ ಇಟ್ಟಿದ್ದು ಜನರಿಗೆ ಕೊಟ್ಟ ಕಾಟ ಅಂತ ನನ್ನ ಅಭಿಪ್ರಾಯ. ಪರ್ಫಾರ್ಮೆನ್ಸ್ ಮಾಡಿದರೆ ಅಳತೆ ಮಾಡಲು ಅನುಕೂಲ, ಆದರೆ ಬಗ್ ಮುಚ್ಚಿಹೋಗುತ್ತದೆ. ಔಷಧಿ ಅಂತ ಬಳಸಬೇಡಿ.

ವರ್ಚುವಲ್ ಮೆಷಿನ್ ಒಳಗೆ ಸಿಪಿಯುಫ್ರೀಕ್ ಫೋಲ್ಡರೇ ಇಲ್ಲ. ಇದು ಬಗ್ಗಾ?

ಅಲ್ಲ. ಅಲ್ಲಿ ವೇಗ ನಿರ್ಧರಿಸುವುದು ಹೊರಗಿನ ಹೋಸ್ಟ್. ಒಳಗೆ ಸಾಮಾನ್ಯವಾಗಿ ಏನೂ ಕಾಣುವುದಿಲ್ಲ.

## ತಪ್ಪು ನಿಜಕ್ಕೂ ಕರ್ನಲ್‌ದೇನಾ?

ಲ್ಯಾಪ್‌ಟಾಪ್ 400 ಮೆಗಾಹರ್ಟ್ಸ್‌ಗೇ ನಿಂತ್ಬಿಟ್ಟಿದೆ ಸರ್. ಏನ್ ಮಾಡಿದ್ರೂ ಏರಲ್ಲ. ಕರ್ನಲ್ ಅಪ್‌ಡೇಟ್ ಆದ್ಮೇಲೇ ಹೀಗಾಗಿದ್ದು.

ನಮ್ಮ ಗುಂಪಿಗೆ ಅತಿ ಜಾಸ್ತಿ ಬರುವ ಪ್ರಶ್ನೆ ಇದು. “ಅಪ್‌ಡೇಟ್ ಆದ್ಮೇಲೇ” ಅನ್ನುವ ಮಾತನ್ನು ನಾನು ಅರ್ಧ ಮಾತ್ರ ನಂಬುತ್ತೇನೆ.

ಭೀಮಸಮುದ್ರದ ಅಡಿಕೆ ವ್ಯಾಪಾರಿಯೊಬ್ಬರ ಲ್ಯಾಪ್‌ಟಾಪ್ ಹೀಗೇ ಬಂದಿತ್ತು. ಬಿಲ್ ತೆಗೆಯಲು ಅರ್ಧ ನಿಮಿಷ ಕಾಯಬೇಕು. ಮಗ ಕರ್ನಲ್ ಅಪ್‌ಡೇಟ್ ಮಾಡಿದ್ದ, ಬೈಸಿಕೊಂಡಿದ್ದ. ನಾನೂ ಎರಡು ಸಂಜೆ ಡ್ರೈವರ್ ಕೋಡ್ ಓದುತ್ತಾ ಕೂತೆ. ಹಳೆಯ ಕರ್ನಲ್ ಹಾಕಿದೆ, ಆಗಲೂ 400. ಕೊನೆಗೆ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಓಡಿಸಿದೆ. ಪಟ್ಟಂತ 3 ಗಿಗಾಹರ್ಟ್ಸ್! ಅಪ್‌ಡೇಟ್ ಆದ ವಾರವೇ ಹಳೆಯ ಚಾರ್ಜರ್ ಕೆಟ್ಟು, ಅಂಗಡಿಯಲ್ಲಿ ಸಿಕ್ಕ ಬೇರೊಂದನ್ನು ತಂದಿದ್ದರಂತೆ. ಮಗ ಬೈಸಿಕೊಂಡಿದ್ದು ದಂಡ.

ಆಗುವುದು ಇಷ್ಟು. ಇಂಟೆಲ್ ಚಿಪ್‌ಗಳಲ್ಲಿ ಪ್ರೋಕ್‌ಹಾಟ್ ಅಂತ ಒಂದು ಸಿಗ್ನಲ್ ಇದೆ. ಚಿಪ್ ಬಿಸಿಯಾದಾಗ ಅದನ್ನು ಹೊರಗೆ ಹೇಳುತ್ತದೆ. ಅದೇ ತಂತಿಯಲ್ಲಿ ಮದರ್‌ಬೋರ್ಡ್ ಕೂಡ ಚಿಪ್ಪಿಗೆ “ಇಳಿ” ಅನ್ನಬಹುದು. ಹಾಗಾಗಿ ಎರಡೂ ದಿಕ್ಕಿನದು ಅನ್ನುವ ಅರ್ಥದಲ್ಲಿ ಬಿ.ಡಿ. (ಬೈಡೈರೆಕ್ಷನಲ್) ಪ್ರೋಕ್‌ಹಾಟ್ ಅನ್ನುತ್ತಾರೆ. ಚಾರ್ಜರಿನ ಗುರುತು ಸಿಗದಿದ್ದರೆ, ಬ್ಯಾಟರಿ ಸತ್ತಿದ್ದರೆ, ಬೋರ್ಡಿನ ಸೆನ್ಸರ್ ಕೆಟ್ಟಿದ್ದರೆ ಬೋರ್ಡ್ ಆ ತಂತಿಯನ್ನು ಎಳೆದು ಹಿಡಿಯುತ್ತದೆ. ಚಿಪ್ 400ಕ್ಕೋ 800ಕ್ಕೋ ಇಳಿಯುತ್ತದೆ. ಕರ್ನಲ್ ಪಾಪ 3 ಗಿಗಾ ಕೊಡಿ ಅಂತ ಕೇಳುತ್ತಲೇ ಇರುತ್ತದೆ.

ಎಮ್‌ಎಸ್‌ಆರ್ (ಚಿಪ್ಪಿನೊಳಗಿನ ಸೆಟ್ಟಿಂಗ್ ರಿಜಿಸ್ಟರ್) 0ಎಕ್ಸ್1ಎಫ್‌ಸಿಯ ಸೊನ್ನೆಯನೇ ಬಿಟ್ ತೆಗೆದರೆ ಚಿಪ್ ಬೋರ್ಡಿನ ಮಾತು ಕೇಳುವುದನ್ನು ನಿಲ್ಲಿಸುತ್ತದೆ. ಕಾರಣ ಪತ್ತೆ ಮಾಡಲು ಐದು ನಿಮಿಷ ಹಾಗೆ ಮಾಡಿ ನೋಡಬಹುದು. ಅದನ್ನೇ ಬೂಟ್ ಸ್ಕ್ರಿಪ್ಟಿಗೆ ಹಾಕಿ ಗಿರಾಕಿಗೆ ಕೊಟ್ಟು ಕಳಿಸುವ ರಿಪೇರಿಯವರಿದ್ದಾರೆ. ಮಾಡಬೇಡಿ. ನಿಜವಾಗಿ ಬಿಸಿಯಾದಾಗ ಬೋರ್ಡ್ ಕೂಗಿದರೂ ಚಿಪ್ಪಿಗೆ ಕೇಳಿಸುವುದಿಲ್ಲ.

ಮಾರ್ಚ್, ಏಪ್ರಿಲ್ ಬಂದ್ರೆ ಮಾತ್ರ ನಮ್ಮ ಲ್ಯಾಬ್ ಮೆಷಿನ್ ನಿಧಾನ. ಕರ್ನಲ್‌ಗೆ ಬೇಸಿಗೆ ಗೊತ್ತಾಗ್ತದಾ?

ಚಿಪ್ಪಿಗೆ ಗೊತ್ತಾಗುತ್ತದೆ. ಇಂಟೆಲ್ ಮೆಷಿನ್‌ಗಳಲ್ಲಿ ಪ್ರತಿ ಸಿಪಿಯು ಫೋಲ್ಡರಿನೊಳಗೆ ಥರ್ಮಲ್_ಥ್ರಾಟಲ್ ಅಂತ ಇರುತ್ತದೆ. ಅಲ್ಲಿನ ಕೋರ್_ಥ್ರಾಟಲ್_ಕೌಂಟ್ ಕೆಲಸ ಮಾಡುವಾಗ ಏರುತ್ತಿದ್ದರೆ ಬಗ್ ಹುಡುಕಬೇಡಿ, ಫ್ಯಾನ್ ಬಿಚ್ಚಿ. ನಮ್ಮ ಕಡೆ ದೂಳಿಗೆ ಬರವಿಲ್ಲ.

ರಾಸ್ಪ್‌ಬೆರಿ ಪೈ 4ರಲ್ಲಿ ಪ್ರಾಜೆಕ್ಟ್ ಮಾಡಿದೀವಿ. 1500 ಇರ್ಬೇಕಾದ್ದು ಆಗಾಗ 600ಕ್ಕೆ ಬೀಳ್ತದೆ. ಗವರ್ನರ್ ಪರ್ಫಾರ್ಮೆನ್ಸಲ್ಲೇ ಇದೆ.

ವಿಸಿಜೆನ್‌ಸಿಎಮ್‌ಡಿ ಕಮಾಂಡಿಗೆ ಗೆಟ್_ಥ್ರಾಟಲ್ಡ್ ಅಂತ ಕೊಟ್ಟು ನೋಡಿ. 0ಎಕ್ಸ್50005 ಬಂದರೆ ಕಥೆ ಮುಗಿಯಿತು. ಸೊನ್ನೆಯನೇ ಬಿಟ್ ಈಗ ವೋಲ್ಟೇಜ್ ಸಾಲುತ್ತಿಲ್ಲ ಅನ್ನುತ್ತದೆ. 2ನೇ ಬಿಟ್ ಈಗ ವೇಗ ಇಳಿಸಿದೆ ಅನ್ನುತ್ತದೆ. 16 ಮತ್ತು 18ನೇ ಬಿಟ್‌ಗಳು ಬೂಟ್ ಆದಮೇಲೆ ಯಾವಾಗಲೋ ಹೀಗೆ ಆಗಿತ್ತು ಅನ್ನುತ್ತವೆ. ಸಪ್ಲೈ ಸುಮಾರು 4.63 ವೋಲ್ಟಿಗಿಂತ ಕೆಳಗೆ ಹೋದರೆ ಪೈ ಎಚ್ಚರಿಕೆ ಕೊಡುತ್ತದೆ. ಫೋನ್ ಚಾರ್ಜರು, ಉದ್ದದ ತೆಳ್ಳನೆ ಕೇಬಲ್ಲು ಬದಲಿಸಿ. ಎರಡು ತಿಂಗಳು ಕರ್ನಲ್ ಬಗ್ ಅಂತ ರಿಪೋರ್ಟ್ ಬರೆದಿದ್ದ ತಂಡವೊಂದು ಕೇಬಲ್ ಬದಲಿಸಿ ಅದೇ ಸಂಜೆ ಡೆಮೋ ಮುಗಿಸಿತು.

ನಾನು ಮ್ಯಾಕ್ಸ್ ಫ್ರೀಕ್ವೆನ್ಸಿ ಬರೀತೀನಿ, ಸ್ವಲ್ಪ ಹೊತ್ತಿಗೆ ತಾನಾಗೇ ಬದಲಾಗ್ತದೆ. ದೆವ್ವ ಹೊಕ್ಕಿದೆಯಾ?

ನೀವು ಸ್ಕೇಲಿಂಗ್_ಮ್ಯಾಕ್ಸ್_ಫ್ರೀಕ್‌ಗೆ ಬರೆದದ್ದು ಅಪ್ಪಣೆಯಲ್ಲ, ಒಂದು ಅರ್ಜಿ. ಥರ್ಮಲ್ ಕೋಡ್ ಇನ್ನೊಂದು ಅರ್ಜಿ ಹಾಕಿರುತ್ತದೆ, ಬಯಾಸ್ ಮತ್ತೊಂದು. ಗರಿಷ್ಠದ ವಿಷಯದಲ್ಲಿ ಎಲ್ಲರಿಗಿಂತ ಕಮ್ಮಿ ಕೇಳಿದವನೇ ಗೆಲ್ಲುತ್ತಾನೆ. ಎಸಿಪಿಐ-ಸಿಪಿಯುಫ್ರೀಕ್ ಡ್ರೈವರ್ ಇದ್ದರೆ ಬಯಾಸ್_ಲಿಮಿಟ್ ಫೈಲಿನಲ್ಲಿ ಬಯಾಸ್ ಪಾಲು ಕಾಣುತ್ತದೆ.

ಆದರೆ ಹತ್ತರಲ್ಲಿ ಏಳು ಸಲ ದೆವ್ವ ಅಂದರೆ ಎರಡು ಡೀಮನ್‌ಗಳ (ಹಿನ್ನೆಲೆಯಲ್ಲಿ ಕೆಲಸ ಮಾಡುವ ಪ್ರೋಗ್ರಾಮ್‌ಗಳ) ಜಗಳ. ಟಿಎಲ್‌ಪಿ ಒಂದು ಕಡೆ, ಪವರ್ ಪ್ರೊಫೈಲ್ಸ್ ಡೀಮನ್ ಇನ್ನೊಂದು ಕಡೆ, ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅಳಿಸುತ್ತಿರುತ್ತಾರೆ. ಎರಡನ್ನೂ ನಿಲ್ಲಿಸಿ, ಕೈಯಿಂದ ಬರೆದು, ಹತ್ತು ನಿಮಿಷ ನೋಡಿ. ಆಗಲೂ ಬದಲಾದರೆ ಮುಂದಿನ ಭಾಗಕ್ಕೆ ಬನ್ನಿ.

## ಕೋಡ್ ಒಳಗೆ ಇಳಿದವರಿಗೆ

ಬಗ್ ಕರ್ನಲ್‌ದೇ ಅಂತ ಖಾತ್ರಿ ಆಯ್ತು. ಎಲ್ಲಿಂದ ಹಿಡಿಯೋದು?

ಕೇಳಿದ ವೇಗ ಮತ್ತು ಸಿಕ್ಕ ವೇಗ ಎರಡನ್ನೂ ಅಕ್ಕಪಕ್ಕ ಇಡಿ. ಕರ್ನಲ್ ಒಳಗೆ ನಡೆಯುವುದನ್ನು ದಾಖಲಿಸುವ ಎಫ್‌ಟ್ರೇಸ್‌ನಲ್ಲಿ ‘ಪವರ್’ ಗುಂಪಿನ ಸಿಪಿಯು_ಫ್ರೀಕ್ವೆನ್ಸಿ ಟ್ರೇಸ್‌ಪಾಯಿಂಟ್ ಆನ್ ಮಾಡಿದರೆ ಕರ್ನಲ್ ಯಾವಾಗ ಏನು ಕೇಳಿತು ಅಂತ ಸಿಗುತ್ತದೆ. ಟರ್ಬೋಸ್ಟ್ಯಾಟ್ ಸಿಕ್ಕಿದ್ದನ್ನು ಹೇಳುತ್ತದೆ. ಕೇಳಿದ್ದೇ ತಪ್ಪಾದರೆ ಗವರ್ನರ್ ಅಥವಾ ಕೋರ್ ನೋಡಿ. ಕೇಳಿದ್ದು ಸರಿಯಿದ್ದು ಸಿಗದಿದ್ದರೆ ಡ್ರೈವರ್ ಅಥವಾ ಹಾರ್ಡ್‌ವೇರ್. ಈ ಒಂದು ಗೆರೆ ಎಳೆಯದೆ ಕೋಡ್ ತಿದ್ದಲು ಕೂತವರು ನಾನೂ ಸೇರಿ ಎಲ್ಲರೂ ಹೊತ್ತು ಕಳೆದಿದ್ದೇವೆ. ಒಂದು ಎಚ್ಚರಿಕೆ: ಹಾರ್ಡ್‌ವೇರೇ ವೇಗ ನಿರ್ಧರಿಸುವ ಹೊಸ ಇಂಟೆಲ್ ಚಿಪ್‌ಗಳಲ್ಲಿ ಈ ಟ್ರೇಸ್ ಖಾಲಿ ಇರಬಹುದು. ಪಿಸ್ಟೇಟ್ ಡ್ರೈವರನ್ನು, ವೇಗವನ್ನು ಗವರ್ನರ್ ಕೇಳುವ ಪ್ಯಾಸಿವ್ ಮೋಡಿಗೆ ಹಾಕಿ ಮತ್ತೆ ನೋಡಿ.

ಹಳೆ ಕರ್ನಲ್‌ನಲ್ಲಿ ಚೆನ್ನಾಗಿತ್ತು, ಹೊಸದರಲ್ಲಿ ಕೆಟ್ಟಿದೆ. ನಡುವೆ ಸಾವಿರಾರು ಕಮಿಟ್ ಇವೆ. ಎಲ್ಲ ಓದ್ಬೇಕಾ?

ಗಿಟ್ ಬೈಸೆಕ್ಟ್ ಇರುವುದೇ ಇದಕ್ಕೆ. ಅದು ನಡುವಿನ ಒಂದು ಕಮಿಟ್ (ಕೋಡಿಗೆ ಆದ ಒಂದು ಬದಲಾವಣೆ) ತೋರಿಸುತ್ತದೆ, ನೀವು ಓಡಿಸಿ ನೋಡಿ ‘ಗುಡ್’ ಅಥವಾ ‘ಬ್ಯಾಡ್’ ಅನ್ನಬೇಕು. 14,000 ಕಮಿಟ್ ಇದ್ದರೂ ಅರ್ಧ ಅರ್ಧ ಮಾಡುತ್ತಾ ಹೋದರೆ 14 ಸಲ ಬಿಲ್ಡ್ ಮಾಡಿದರೆ ಸಾಕು. ಬಿಲ್ಡ್ ಬೇಗ ಆಗಲು ಮೊದಲು ಮೇಕ್ ಲೋಕಲ್‌ಮಾಡ್‌ಕಾನ್ಫಿಗ್ ಓಡಿಸಿ. ಆಗ ನಿಮ್ಮ ಮೆಷಿನ್ ಆಗ ಬಳಸುತ್ತಿರುವ ಮಾಡ್ಯೂಲ್‌ಗಳಷ್ಟೇ ಉಳಿಯುತ್ತವೆ. ಬೂಟೇ ಆಗದ ಕಮಿಟ್ ಸಿಕ್ಕರೆ ‘ಬ್ಯಾಡ್’ ಅನ್ನಬೇಡಿ, ‘ಸ್ಕಿಪ್’ ಅನ್ನಿ. ಒಂದೇ ಒಂದು ತಪ್ಪು ಉತ್ತರ ಕೊಟ್ಟರೂ ಬೈಸೆಕ್ಟ್ ಸಂಬಂಧವೇ ಇಲ್ಲದ ಕಮಿಟ್ಟಿನ ಮುಂದೆ ತಂದು ನಿಲ್ಲಿಸುತ್ತದೆ. ಆಗೊಮ್ಮೆ ಈಗೊಮ್ಮೆ ಕಾಣುವ ಬಗ್ ಆದರೆ ಪ್ರತಿ ಬಿಲ್ಡನ್ನೂ ಐದಾರು ಸಲ ಪರೀಕ್ಷಿಸಿಯೇ ‘ಗುಡ್’ ಅನ್ನಿ. ಕರೆಂಟ್ ಹೋಗುವ ಸಮಯ ನೋಡಿಕೊಂಡು ಶುರುಮಾಡಿ, ಅಷ್ಟೇ.

4.3 ಗಿಗಾಹರ್ಟ್ಸ್ ಕೇಳಿದ್ರೆ ಡ್ರೈವರ್ 5 ಮೆಗಾಹರ್ಟ್ಸ್ ಸೆಟ್ ಮಾಡ್ತಿದೆ. 64 ಬಿಟ್ ಕರ್ನಲ್ ಅಣ್ಣಾ, ಓವರ್‌ಫ್ಲೋ ಆಗೋಕೆ ಸಾಧ್ಯನೇ ಇಲ್ಲ!

ಸಾಧ್ಯ ಇದೆ. ಸಿಪಿಯುಫ್ರೀಕ್ ಪಾಲಿಸಿಯಲ್ಲಿ (ಒಟ್ಟಿಗೆ ವೇಗ ಬದಲಿಸುವ ಸಿಪಿಯುಗಳ ಲೆಕ್ಕ ಇಡುವ ಜಾಗ) ವೇಗ ಇರುವುದು ಕಿಲೋಹರ್ಟ್ಸ್‌ನಲ್ಲಿ, ಅನ್‌ಸೈನ್ಡ್ ಇಂಟ್ ಆಗಿ. ಕ್ಲಾಕ್ ಫ್ರೇಮ್‌ವರ್ಕಿಗೆ ಬೇಕಿರುವುದು ಹರ್ಟ್ಸ್. ಹಾಗಾಗಿ ಡ್ರೈವರ್ 1000ದಿಂದ ಗುಣಿಸುತ್ತದೆ. ಉತ್ತರವನ್ನು ಇಡುವ ಪಾತ್ರೆ 64 ಬಿಟ್ ಇದ್ದರೂ ಗುಣಾಕಾರ ನಡೆಯುವುದು 32 ಬಿಟ್‌ನಲ್ಲೇ. ಸಿ ಭಾಷೆಯ ನಿಯಮ ಹಾಗಿದೆ. 32 ಬಿಟ್‌ನಲ್ಲಿ ಹಿಡಿಸುವುದು 4,29,49,67,295ರವರೆಗೆ. 4.3 ಗಿಗಾದಿಂದ ತುಂಬಿ ಹೊರಚೆಲ್ಲಿ ಉಳಿಯುವುದು 50,32,704. ಅದೇ ನಿಮ್ಮ 5 ಮೆಗಾಹರ್ಟ್ಸ್.

ಗುಣಿಸುವ ಮುಂಚೆ ಒಂದು ಸಂಖ್ಯೆಯನ್ನು ಅನ್‌ಸೈನ್ಡ್ ಲಾಂಗ್ ಮಾಡಿಕೊಳ್ಳಿ. 32 ಬಿಟ್ ಬೋರ್ಡೂ ಈ ಡ್ರೈವರ್ ಬಳಸುತ್ತದೆ ಅಂದರೆ ಯು64 ಬೇಕು. ಆಗ ಭಾಗಾಕಾರವನ್ನು ನೇರ ಬರೆದರೆ ಲಿಂಕ್ ಆಗುವುದಿಲ್ಲ, ಡಿವ್_ಯು64 ಬಳಸಿ. ಶೆಡ್ಯೂಲರಿನ 1024ರ ಲೆಕ್ಕದಿಂದ ಕಿಲೋಹರ್ಟ್ಸನ್ನು ಗುಣಿಸುವ ಕಡೆಯೂ ಇದೇ ಹಳ್ಳ ಇದೆ. ಅಲ್ಲಿ 4.19 ಗಿಗಾದಲ್ಲೇ ತುಂಬಿಬಿಡುತ್ತದೆ.

ವೇಗ ಏರಿಸಿದ ತಕ್ಷಣ ಬೋರ್ಡ್ ಹ್ಯಾಂಗ್. ಇಳಿಸುವಾಗ ಏನೂ ಆಗಲ್ಲ. ಲಾಗಲ್ಲೂ ಏನೂ ಇಲ್ಲ.

ಏರುವಾಗ ಮೊದಲು ವೋಲ್ಟೇಜ್, ಆಮೇಲೆ ಫ್ರೀಕ್ವೆನ್ಸಿ. ಇಳಿಯುವಾಗ ಮೊದಲು ಫ್ರೀಕ್ವೆನ್ಸಿ, ಆಮೇಲೆ ವೋಲ್ಟೇಜ್. ಹಿಂದುಮುಂದಾದರೆ ಒಂದು ಕ್ಷಣ ಚಿಪ್ ಹಸಿದ ಹೊಟ್ಟೆಯಲ್ಲಿ ಓಡಬೇಕಾಗುತ್ತದೆ. ಆ ಕ್ಷಣದಲ್ಲೇ ಬೀಳುತ್ತದೆ, ಲಾಗ್ ಬರೆಯಲೂ ಬಿಡುವಿಲ್ಲ. ಸ್ವಂತ ಕೋಡ್ ಬರೆಯುವ ಬದಲು ಓಪಿಪಿ (ಯಾವ ವೇಗಕ್ಕೆ ಎಷ್ಟು ವೋಲ್ಟೇಜ್ ಅನ್ನುವ ಜೋಡಿ) ಲೈಬ್ರರಿಯ ಡೆವ್_ಪಿಎಮ್_ಓಪಿಪಿ_ಸೆಟ್_ರೇಟ್ ಕರೆಯಿರಿ, ಈ ಸರದಿಯನ್ನು ಅದೇ ನೋಡಿಕೊಳ್ಳುತ್ತದೆ. ಅದನ್ನು ಕರೆದೂ ಹ್ಯಾಂಗ್ ಆದರೆ ಬೋರ್ಡಿನಲ್ಲಿ ಏನೇನಿದೆ ಅಂತ ಕರ್ನಲ್‌ಗೆ ಹೇಳುವ ಡಿವೈಸ್ ಟ್ರೀಯ ಟೇಬಲ್ ನೋಡಿ. ಓಪಿಪಿ-ಹರ್ಟ್ಸ್ ಪಕ್ಕದ ಓಪಿಪಿ-ಮೈಕ್ರೋವೋಲ್ಟ್‌ನಲ್ಲಿ ಒಂದು ಸೊನ್ನೆ ತಪ್ಪಿರಬಹುದು. ರೆಗ್ಯುಲೇಟರ್ ಏರಲು ತಗೊಳ್ಳುವ ಸಮಯ ಬರೆಯದೇ ಬಿಟ್ಟಿರುವುದೂ ಉಂಟು.

ಗವರ್ನರ್ ಬದಲಿಸಿದ ಕೂಡ್ಲೇ ಶೆಲ್ ನಿಂತೋಗ್ತದೆ. ಕಂಟ್ರೋಲ್ ಸಿ ಕೊಟ್ರೂ ಬಿಡಲ್ಲ.

ಇದು ಬೀಗದ (ಲಾಕ್) ಬಗ್. ಒಂದೇ ಡೇಟಾವನ್ನು ಇಬ್ಬರು ಒಟ್ಟಿಗೆ ಮುಟ್ಟದಂತೆ ಕೋಡ್ ಹಾಕಿಕೊಳ್ಳುವುದೇ ಬೀಗ. ಸಿಪಿಯುಫ್ರೀಕ್‌ನಲ್ಲಿ ವರ್ಷಗಟ್ಟಲೆ ಜನರನ್ನು ಕಾಡಿದ್ದು ಇದೇ ಜಾತಿ.

ಹಳೆಯ ಆನ್‌ಡಿಮ್ಯಾಂಡ್ ಹೀಗಿತ್ತು ಅಂದುಕೊಳ್ಳಿ. ನೀವು ಹೊಸ ಗವರ್ನರ್ ಹೆಸರು ಬರೆದಿರಿ. ಕೋರ್ ಪಾಲಿಸಿಯ ಬೀಗ ಹಾಕಿಕೊಂಡಿತು. ಹಳೆಯ ಗವರ್ನರನ್ನು ನಿಲ್ಲಿಸಬೇಕು, ಅದಕ್ಕೆ ಅದರ ಬಾಕಿ ಕೆಲಸ ಮುಗಿಯುವ ತನಕ ಕಾಯುತ್ತಾ ಕೂತಿತು. ಆ ಬಾಕಿ ಕೆಲಸ ಆಗಲೇ ಇನ್ನೊಂದು ಸಿಪಿಯು ಮೇಲೆ ಶುರುವಾಗಿದೆ, ಅದಕ್ಕೂ ಅದೇ ಬೀಗ ಬೇಕು. ಇವನು ಅವನಿಗೆ ಕಾಯುತ್ತಾನೆ, ಅವನು ಇವನಿಗೆ. ದುರ್ಗದಿಂದ ಬರುವ ನಮ್ಮ ಗೆಳೆಯರು ಇದಕ್ಕೆ “ಓಬವ್ವನ ಕಿಂಡಿ ಬಗ್” ಅಂತ ಹೆಸರಿಟ್ಟಿದ್ದಾರೆ. ಒಬ್ಬರು ತೂರುವ ಸಂದಿಗೆ ಎರಡೂ ಕಡೆಯಿಂದ ತಲೆ ಹಾಕಿದರೆ ಇನ್ನೇನಾಗುತ್ತದೆ?

ಪತ್ತೆ ಮಾಡುವುದು ಸುಲಭ. ಕರ್ನಲ್ ಕಾನ್ಫಿಗ್‌ನಲ್ಲಿ ಪ್ರೂವ್ ಲಾಕಿಂಗ್ ಆನ್ ಮಾಡಿ. ಆಗ ಲಾಕ್‌ಡೆಪ್ ಅನ್ನುವ ಬೀಗದ ಪರೀಕ್ಷಕ ನಿಜವಾಗಿ ಸಿಕ್ಕಿಕೊಳ್ಳುವ ಮುಂಚೆಯೇ, ಬೀಗ ಹಾಕುವ ಸರದಿ ನೋಡಿಯೇ ಕೂಗುತ್ತದೆ. ಈಗಾಗಲೇ ನಿಂತುಹೋಗಿದ್ದರೆ ಮ್ಯಾಜಿಕ್ ಸಿಸ್‌ಆರ್‌ಕ್ಯೂ ಜೊತೆ ಡಬ್ಲ್ಯೂ ಒತ್ತಿ. ಸಿಕ್ಕಿಬಿದ್ದ ಟಾಸ್ಕ್‌ಗಳ ಸ್ಟ್ಯಾಕ್ ಲಾಗಿಗೆ ಬರುತ್ತದೆ.

ಸರಿಪಡಿಸುವುದೇ ಕಷ್ಟ. ನಮ್ಮ ಹುಡುಗನೊಬ್ಬ ಟ್ರೈಲಾಕ್ ಹಾಕಿ ತಂದಿದ್ದ, “ಬೀಗ ಸಿಗದಿದ್ರೆ ಬಿಟ್ಬಿಡ್ತದೆ ಸರ್.” ಬಿಟ್ಟುಬಿಟ್ಟರೆ ಆ ಸಲದ ವೇಗ ಬದಲಾಗುವುದೇ ಇಲ್ಲ, ಒಂದು ಬಗ್ ಹೋಗಿ ಇನ್ನೊಂದು ಬಂತು. ಬೀಗ ಬಿಟ್ಟು ಕಾಯೋಣ ಅನ್ನುವುದು ಇನ್ನೊಂದು ಉಪಾಯ. ಕರ್ನಲ್‌ನವರೇ ಹಿಂದೆ ಹಾಗೆ ಮಾಡಿದ್ದರು. ಬಿಟ್ಟ ಆ ಸಂದಿನಲ್ಲಿ ಮತ್ತೊಬ್ಬ ಗವರ್ನರ್ ಬದಲಿಸಲು ನುಗ್ಗಿದರೆ? ಹಾಗೇ ಆಯಿತು, ಹೊಸ ರೇಸ್‌ಗಳು ಹುಟ್ಟಿದವು. 2016ರ ಹೊತ್ತಿಗೆ ಗವರ್ನರ್‌ಗಳ ಆ ಕೋಡನ್ನು ಬಹುಪಾಲು ಮತ್ತೆ ಬರೆಯಬೇಕಾಯಿತು. ಬಾಕಿ ಕೆಲಸದೊಳಗೆ ಹೊರಗಿನ ದೊಡ್ಡ ಬೀಗವನ್ನೇ ಮುಟ್ಟದಂತೆ, ಅದಕ್ಕೆ ತನ್ನದೇ ಸಣ್ಣ ಬೀಗ ಇರುವಂತೆ ಬರೆಯುವುದು ಸರಿದಾರಿ.

ಡ್ರೈವರ್ ಮಾಡ್ಯೂಲ್ ತೆಗೆಯೋಕೆ ಹೋದ್ರೆ 120 ಸೆಕೆಂಡ್ ಆದ್ಮೇಲೆ “ಬ್ಲಾಕ್ಡ್” ಅಂತ ಮೆಸೇಜ್. ಇದೂ ಕಿಂಡಿ ಬಗ್ಗಾ?

ನೋಡಲು ಹಾಗೇ ಇದೆ, ಆದರೆ ಸಾಮಾನ್ಯವಾಗಿ ಕಾರಣ ಬೇರೆ. ಸಿಪಿಯುಫ್ರೀಕ್_ಸಿಪಿಯು_ಗೆಟ್ ಕರೆದವರು ಸಿಪಿಯುಫ್ರೀಕ್_ಸಿಪಿಯು_ಪುಟ್ ಕರೆಯಲೇಬೇಕು. ಸಾಲ ತಗೊಂಡ ಪಾತ್ರೆ ವಾಪಸ್ ಕೊಡುವ ಹಾಗೆ. ಪಾಲಿಸಿಯನ್ನು ಅಳಿಸುವ ಕೋಡ್ ಎಲ್ಲ ಸಾಲ ತೀರುವ ತನಕ ಕಾಯುತ್ತದೆ. ಒಂದು ಬಾಕಿ ಉಳಿದರೂ ಕಾಯುತ್ತಲೇ ಇರುತ್ತದೆ. ತಪ್ಪು ಮುಖ್ಯ ದಾರಿಯಲ್ಲಿ ಇರುವುದಿಲ್ಲ. ನಡುವೆ ಏನೋ ಎಡವಟ್ಟಾಗಿ ಬೇಗ ರಿಟರ್ನ್ ಆಗುವ ಸಾಲಿನಲ್ಲಿ ಇರುತ್ತದೆ. ಆ ರಿಟರ್ನ್‌ಗಳನ್ನಷ್ಟೇ ಓದಿ, ಅರ್ಧ ಗಂಟೆಯಲ್ಲಿ ಸಿಗುತ್ತದೆ. ಹೊಸಬರ ಮೊದಲ ಪ್ಯಾಚಿಗೆ (ಕೋಡಿನ ತಿದ್ದುಪಡಿಗೆ) ಇದಕ್ಕಿಂತ ಒಳ್ಳೆಯ ಬಗ್ ನನಗೆ ಗೊತ್ತಿಲ್ಲ.

ಆ್ಯಪ್ ತೆಗೆದಾಗ ಒಂದ್ ಕ್ಷಣ ತಡವರಿಸ್ತದೆ. ಸ್ಕೆಡ್‌ಯುಟಿಲ್ ನಿಧಾನಕ್ಕೆ ಏರ್ತಿದೆ. ಇದು ಬಗ್ಗಾ, ಸ್ವಭಾವನಾ?

ಲೆಕ್ಕ ಹಾಕಿ ನೋಡೋಣ. ಸ್ಕೆಡ್‌ಯುಟಿಲ್ ಸೂತ್ರ ಚಿಕ್ಕದು: ಗರಿಷ್ಠ ವೇಗವನ್ನು ಕೆಲಸದ ಪಾಲಿನಿಂದ ಗುಣಿಸಿ, ಮತ್ತೆ 1.25ರಿಂದ ಗುಣಿಸು. 3.2 ಗಿಗಾ ಚಿಪ್ಪಿನಲ್ಲಿ ಕೆಲಸ ಅರ್ಧ ಇದ್ದರೆ 2 ಗಿಗಾ. 80 ಪರ್ಸೆಂಟ್ ಮುಟ್ಟಿದರೆ ಪೂರ್ತಿ ವೇಗ. ಕೆಲಸದ ಪಾಲನ್ನು ಅಳೆಯುವ ಪೆಲ್ಟ್ ಲೆಕ್ಕ ಹಳೆಯದನ್ನು ನಿಧಾನಕ್ಕೆ ಮರೆಯುತ್ತದೆ, 32 ಮಿಲಿಸೆಕೆಂಡಿಗೆ ಅರ್ಧದಷ್ಟು. ಸೊನ್ನೆಯಿಂದ ಶುರುವಾದ ಕೆಲಸ 32 ಮಿಲಿಸೆಕೆಂಡಿಗೆ 50, 64ಕ್ಕೆ 75 ಪರ್ಸೆಂಟ್ ಆಗುತ್ತದೆ. 80 ಮುಟ್ಟಲು ಕಮ್ಮಿ ಅಂದರೂ ಸುಮಾರು 74 ಮಿಲಿಸೆಕೆಂಡ್. ನಿಮ್ಮ ಟ್ರೇಸಿನಲ್ಲಿ ಇದರ ಆಸುಪಾಸಿನಲ್ಲಿದ್ದರೆ ಸ್ವಭಾವ. ಅರ್ಧ ಸೆಕೆಂಡ್ ಆಗುತ್ತಿದ್ದರೆ ಮೊದಲು ರೇಟ್_ಲಿಮಿಟ್_ಯುಎಸ್ ಫೈಲಿನಲ್ಲಿ ಏನಿದೆ ನೋಡಿ, ಆಮೇಲೆ ಅನುಮಾನ ಪಡಿ.

ಬಿಸಿಯಾಗಿ ಮ್ಯಾಕ್ಸ್ ಇಳಿಸಿದ್ರೂ ಸಿಪಿಯು ಹಳೆ ವೇಗದಲ್ಲೇ ಓಡ್ತದೆ. ಹೀಗೂ ಆಗ್ತದಾ?

ಆಗಿತ್ತು. 2019ರಲ್ಲಿ ಸ್ಕೆಡ್‌ಯುಟಿಲ್‌ನಲ್ಲಿ ಸರಿಪಡಿಸಿದ ಬಗ್ ಇದೇ ತರಹದ್ದು. ಸಿಪಿಯು ಈಗಷ್ಟೇ ಬ್ಯುಸಿ ಇತ್ತು ಅಂದರೆ ವೇಗವನ್ನು ಅವಸರದಲ್ಲಿ ಇಳಿಸಬೇಡ ಅಂತ ಕೋಡಿನಲ್ಲಿ ಒಂದು ಜಾಣತನ ಇದೆ. ಒಳ್ಳೆಯದೇ. ಆದರೆ ಮಿತಿಯೇ ಕೆಳಗೆ ಬಂದಾಗಲೂ ಆ ಜಾಣತನ ಅಡ್ಡ ಬರುತ್ತಿತ್ತು. ಥರ್ಮಲ್ ಕೋಡ್ ಇಳಿ ಅನ್ನುತ್ತದೆ, ಗವರ್ನರ್ ಇರು ಅನ್ನುತ್ತದೆ. ಮಿತಿ ಬದಲಾದಾಗ ಆ ತಡೆಯನ್ನು ಪಕ್ಕಕ್ಕಿಡಬೇಕು ಅನ್ನುವುದೇ ಪರಿಹಾರ. ಇಂಥ ಕಡೆ “ಮಿತಿ ಬದಲಾಗಿದೆ” ಅನ್ನುವ ಫ್ಲ್ಯಾಗನ್ನು ಯಾವಾಗ ಅಳಿಸುತ್ತೀರಿ ಅನ್ನುವುದೂ ಮುಖ್ಯ. ಮೊದಲು ಫ್ಲ್ಯಾಗ್ ಅಳಿಸಿ, ಆಮೇಲೆ ಹೊಸ ಮಿತಿ ಓದಿ. ಮಿತಿ ಓದಿ ಆಮೇಲೆ ಅಳಿಸಿದರೆ ನಡುವೆ ಬಂದ ಇನ್ನೊಂದು ಬದಲಾವಣೆ ಕಳೆದುಹೋಗುತ್ತದೆ.

ಸ್ಲೀಪಿಂದ ಎದ್ಮೇಲೆ ಮಾತ್ರ ಎಡವಟ್ಟು. ಪ್ರತಿ ಸಲ ಮುಚ್ಚಿ ತೆಗೆದು ಸಾಕಾಯ್ತು.

ಆರ್‌ಟಿಸಿವೇಕ್ ಬಳಸಿ 20 ಸೆಕೆಂಡಿಗೆ ತಾನೇ ಏಳುವ ಹಾಗೆ ಲೂಪ್ ಬರೆಯಿರಿ. ಪವರ್ ಫೋಲ್ಡರಿನ ಪಿಎಮ್_ಟೆಸ್ಟ್ ಫೈಲಿಗೆ ‘ಪ್ರೊಸೆಸರ್ಸ್’ ಅಂತ ಬರೆದರೆ ಪೂರ್ತಿ ಮಲಗದೆ ಆ ಹಂತದ ತನಕ ಹೋಗಿ ವಾಪಸ್ ಬರುತ್ತದೆ. ಮಲಗುವಾಗ ಬೂಟ್ ಸಿಪಿಯು ಬಿಟ್ಟು ಉಳಿದವೆಲ್ಲ ಆಫ್‌ಲೈನ್ ಆಗುತ್ತವೆ, ಏಳುವಾಗ ಮತ್ತೆ ಬರುತ್ತವೆ. ಹಾಗಾಗಿ ಸಿಪಿಯು 0 ಮಾತ್ರ ತಪ್ಪಿದರೆ ಡ್ರೈವರಿನ ರೆಸ್ಯೂಮ್ ಕೋಡ್ ನೋಡಿ, ಉಳಿದವು ತಪ್ಪಿದರೆ ಸಿಪಿಯು ಆಫ್, ಆನ್ ಮಾಡುವ ಹಾಟ್‌ಪ್ಲಗ್ ಕೋಡ್. ಎದ್ದಮೇಲೆ ಫರ್ಮ್‌ವೇರ್ ವೇಗ ಬದಲಿಸಿರುತ್ತದೆ, ಕರ್ನಲ್ ಹಳೆಯ ಅಂಕಿಯನ್ನೇ ನಂಬಿಕೊಂಡಿರುತ್ತದೆ. “ಅದೇ ವೇಗ ತಾನೇ, ಮತ್ತೆ ಯಾಕೆ ಬರೆಯಲಿ” ಅಂತ ಸುಮ್ಮನಿದ್ದುಬಿಡುತ್ತದೆ.

## ಪ್ಯಾಚ್ ಕಳಿಸುವವರಿಗೆ

ಸರಿಯಾಯ್ತು ಅಂತ ಹೇಗ್ ನಂಬೋದು? ನನ್ನ ಮೆಷಿನ್‌ನಲ್ಲಿ ಓಡ್ತು ಅಂದ್ರೆ ಸಾಕಾ?

ಸಾಲದು. ಕರ್ನಲ್ ಸೋರ್ಸಿನಲ್ಲೇ ಸೆಲ್ಫ್‌ಟೆಸ್ಟ್ಸ್ ಒಳಗೆ ಸಿಪಿಯುಫ್ರೀಕ್ ಪರೀಕ್ಷೆಗಳಿವೆ. ಗವರ್ನರ್‌ಗಳನ್ನು ಸರಸರ ಬದಲಿಸುವುದು, ಸಿಪಿಯು ಆಫ್ ಮಾಡಿ ಆನ್ ಮಾಡುವುದು, ಮಲಗಿಸಿ ಎಬ್ಬಿಸುವುದು ಎಲ್ಲ ಅದೇ ಮಾಡುತ್ತದೆ. ಲಾಕ್‌ಡೆಪ್ ಮತ್ತು ಡೀಬಗ್ ಆಟಾಮಿಕ್ ಸ್ಲೀಪ್ ಆನ್ ಇಟ್ಟುಕೊಂಡು ರಾತ್ರಿಯಿಡೀ ಓಡಿಸಿ. ವೇಗದ ಬಗ್ ಆದರೆ ತಿದ್ದುವ ಮುಂಚಿನ, ಆಮೇಲಿನ ಅಂಕಿ ಎರಡೂ ಬೇಕು. ಅಂಕಿ ತಗೊಳ್ಳುವಾಗ ಫ್ಯಾನ್ ಕೆಳಗಿದ್ದ ಮೆಷಿನ್ನನ್ನು ಆಮೇಲೆ ಕಿಟಕಿ ಬಿಸಿಲಿಗೆ ಇಡಬೇಡಿ. ನಮ್ಮಲ್ಲಿ ಒಮ್ಮೆ ಹಾಗೇ ಆಗಿ, ಒಳ್ಳೆಯ ಪ್ಯಾಚನ್ನು ಕೆಟ್ಟದ್ದು ಅಂತ ಎತ್ತಿಟ್ಟಿದ್ದೆವು.

ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಅಂಥ ದೊಡ್ಡವರಿಗೆ ಪ್ಯಾಚ್ ಕಳಿಸ್ಬಹುದಾ? ಯಾರಿಗ್ ಕಳಿಸೋದು?

ಖಂಡಿತ ಕಳಿಸಿ. ಏನಾಗುತ್ತಿತ್ತು, ಯಾಕೆ ಆಗುತ್ತಿತ್ತು, ಏನು ಬದಲಿಸಿದೆ. ಮೂರು ಸಣ್ಣ ವಾಕ್ಯ ಸಾಕು, ವ್ಯಾಕರಣಕ್ಕೆ ಹೆದರಬೇಡಿ. ಸಿಪಿಯುಫ್ರೀಕ್ ನೋಡಿಕೊಳ್ಳುವವರು ರಫಾಯೆಲ್ ವೈಸೊಕಿ ಮತ್ತು ವಿರೇಶ್ ಕುಮಾರ್. ಆರ್ಮ್ ಡ್ರೈವರ್‌ಗಳನ್ನು ವಿರೇಶ್ ಒಟ್ಟುಮಾಡಿ ರಫಾಯೆಲ್‌ಗೆ ಕಳಿಸುತ್ತಾರೆ. ಹೆಸರುಗಳನ್ನು ನೆನಪಿಟ್ಟುಕೊಳ್ಳಬೇಕಿಲ್ಲ, ಗೆಟ್_ಮೇಂಟೇನರ್ ಸ್ಕ್ರಿಪ್ಟಿಗೆ ಪ್ಯಾಚ್ ಕೊಟ್ಟರೆ ಯಾರಿಗೆ, ಯಾವ ಲಿಸ್ಟಿಗೆ ಅಂತ ಹೇಳುತ್ತದೆ. ಕಳಿಸುವ ಮುಂಚೆ ಕೋಡ್ ಬರೆದ ಶೈಲಿ ನೋಡುವ ಚೆಕ್‌ಪ್ಯಾಚ್ ಓಡಿಸಿ.

ಯಾವ ಕಮಿಟ್ ಬಗ್ ತಂದಿತೋ ಅದರ ಹ್ಯಾಶಿನ ಮೊದಲ 12 ಅಕ್ಷರ ಮತ್ತು ಶೀರ್ಷಿಕೆಯನ್ನು ‘ಫಿಕ್ಸಸ್’ ಸಾಲಿನಲ್ಲಿ ಬರೆಯಿರಿ. ಕಳಿಸಲು ಗಿಟ್ ಸೆಂಡ್-ಇಮೇಲ್ ಬಳಸಿ. ನನ್ನ ಮೊದಲ ಪ್ಯಾಚನ್ನು ವೆಬ್‌ಮೇಲ್‌ನಲ್ಲಿ ಅಂಟಿಸಿ ಕಳಿಸಿದ್ದೆ. ಟ್ಯಾಬ್‌ಗಳೆಲ್ಲ ಸ್ಪೇಸ್ ಆಗಿ, ಯಾರ ಬಳಿಯೂ ಅಪ್ಲೈ ಆಗಲಿಲ್ಲ. ಉತ್ತರ ಬರದಿದ್ದರೆ ಒಂದೆರಡು ವಾರ ಕಾಯಿರಿ, ಆಮೇಲೆ ಮೆಲ್ಲಗೆ ನೆನಪಿಸಿ. ಮರ್ಜ್ ವಿಂಡೋ (ಮುಂದಿನ ಕರ್ನಲ್‌ಗೆ ಹೊಸ ಕೋಡ್ ಸೇರಿಸಿಕೊಳ್ಳುವ ಹೊತ್ತು) ನಡೆಯುವ ಎರಡು ವಾರ ಯಾರಿಗೂ ಪುರುಸೊತ್ತು ಇರುವುದಿಲ್ಲ.

ಪ್ಯಾಚ್ ತಗೊಂಡ್ರು! ಆದ್ರೆ ನಮ್ಮ ಲ್ಯಾಬಿನ ಹಳೆ ಕರ್ನಲ್‌ಗೆ ಅದು ಯಾವಾಗ ಬರ್ತದೆ?

ಮೊದಲು ಲೈನಸ್ ಟೊರ್ವಾಲ್ಡ್ಸ್ ಅವರ ಟ್ರೀ (ಮುಖ್ಯ ಕೋಡ್ ಸಂಗ್ರಹ) ಸೇರಬೇಕು. ಆಮೇಲಷ್ಟೇ ಸ್ಟೇಬಲ್ (ಆಗಲೇ ಬಿಡುಗಡೆಯಾಗಿ ತಿದ್ದುಪಡಿ ಪಡೆಯುತ್ತಿರುವ) ಕರ್ನಲ್‌ಗಳಿಗೆ ಹೋಗುತ್ತದೆ. ಪ್ಯಾಚಿನಲ್ಲಿ ಸ್ಟೇಬಲ್ ಲಿಸ್ಟಿಗೆ ಸಿಸಿ ಹಾಕಿದ್ದರೆ ಅವರೇ ಎತ್ತಿಕೊಳ್ಳುತ್ತಾರೆ. ಸ್ಟೇಬಲ್‌ಗೆ ಹೋಗುವ ಪ್ಯಾಚ್ ಸುತ್ತಲಿನ ಸಾಲುಗಳೂ ಸೇರಿ 100 ಸಾಲು ಮೀರಬಾರದು ಅನ್ನುವ ನಿಯಮ ಇದೆ. ಅದಕ್ಕೇ ಬಗ್ ಸರಿಪಡಿಸುವ ಪ್ಯಾಚಿನ ಜೊತೆ ಕೋಡ್ ಚಂದ ಮಾಡುವ ಕೆಲಸ ಸೇರಿಸಬೇಡಿ ಅಂತ ಬಡ್ಕೊಳ್ಳುವುದು. ಹಳೆಯ ಕರ್ನಲ್‌ನಲ್ಲಿ ಕೋಡ್ ಬೇರೆ ಇದ್ದು ಪ್ಯಾಚ್ ಕೂರದಿದ್ದರೆ ನಿಮಗೇ ಮೇಲ್ ಬರುತ್ತದೆ, ಆ ಕರ್ನಲ್‌ಗೆ ಹೊಂದುವ ಹಾಗೆ ನೀವೇ ಬರೆದು ಕೊಡಬೇಕು. ಸ್ಟೇಬಲ್ ಆದಮೇಲೆ ನಿಮ್ಮ ಡಿಸ್ಟ್ರೋದವರು ತಗೊಳ್ಳಬೇಕು. ಅವರ ಪ್ಯಾಕೇಜಿನ ಚೇಂಜ್‌ಲಾಗಿನಲ್ಲಿ ಪ್ಯಾಚಿನ ಶೀರ್ಷಿಕೆ ಹುಡುಕಿ ನೋಡುತ್ತಿರಿ. ಹ್ಯಾಶ್ ಹುಡುಕಬೇಡಿ, ಸ್ಟೇಬಲ್‌ಗೆ ಬರುವಾಗ ಅದು ಬದಲಾಗಿರುತ್ತದೆ.